ಕೊಟ್ಟಾರದ ಮಳೆಗಾಲ, ಕ್ಷಯದ ಲೆಕ್ಕ

5 ಜೂನ್ 2025, ಗುರುವಾರ

ತಂಗಿಯ ಮಗಳು ಬಂದಿದ್ದಳು. ಕಮ್ಯುನಿಟಿ ಮೆಡಿಸಿನ್‌ನಲ್ಲಿ ಎಂ.ಡಿ. ಓದುತ್ತಿದ್ದಾಳೆ. ಮುಂದಿನ ತಿಂಗಳು ಸೆಮಿನಾರ್ ಕೊಡಬೇಕಂತೆ. ವಿಷಯ: ಕ್ಷಯ ನಿಯಂತ್ರಣಕ್ಕೆ ಗಣಿತದ ಮಾದರಿಗಳು. "ಮಾವ, ನನಗೆ ಡಿಫರೆನ್ಷಿಯಲ್ ಈಕ್ವೇಶನ್ ಅಂದ್ರೆ ಪಿಯುಸಿಯಿಂದಲೇ ಜ್ವರ. ನೀವು ಓದಿ ಸ್ವಲ್ಪ ಹೇಳಿಕೊಡಿ" ಅಂತ ಒಂದು ಕಟ್ಟು ಕಾಗದ ಮೇಜಿನ ಮೇಲೆ ಇಟ್ಟು, ಚಾ ಕೂಡ ಪೂರ್ತಿ ಕುಡಿಯದೆ ಓಡಿದಳು. ನಿವೃತ್ತ ಸಂಖ್ಯಾಶಾಸ್ತ್ರದ ಮೇಷ್ಟ್ರಿಗೆ ಬೇರೆ ಎಂತ ಕೆಲಸ ಉಂಟು ಅಂತ ಅವಳ ಲೆಕ್ಕ. ಆ ಲೆಕ್ಕ ಸರಿಯೇ.

ಕಟ್ಟಿನ ಮೊದಲ ಕಾಗದ ನೋಡಿ ಕುತೂಹಲವಾಯಿತು. 1962ರದ್ದು, ಅಮೆರಿಕದ ಸಾರ್ವಜನಿಕ ಆರೋಗ್ಯ ಪತ್ರಿಕೆಯಲ್ಲಿ ಬಂದದ್ದು. ಬರೆದವರು ಹಾನ್ಸ್ ವಾಲರ್, ಆಂಟನ್ ಗೇಸರ್, ಸ್ಟಿಗ್ ಆಂಡರ್ಸನ್. ವಾಲರ್ ನಾರ್ವೆಯವರು. ಉಳಿದಿಬ್ಬರು ವಿಶ್ವ ಆರೋಗ್ಯ ಸಂಸ್ಥೆಯಿಂದ ಬಂದು ಆಗ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ ಇದ್ದವರು. ಕ್ಷಯಕ್ಕೆ ಮಾಡಿದ ಮೊದಲ ಗಣಿತ ಮಾದರಿ ಅಂತ ಈಚಿನವರೆಲ್ಲ ಇದನ್ನೇ ಹೆಸರಿಸುತ್ತಾರೆ. ಲಂಡನ್, ಜಿನೀವಾ ಅಂತ ಹುಡುಕಿಕೊಂಡು ಹೋದರೆ ಆ ಸಂಸ್ಥೆ ಇರುವ ಬೆಂಗಳೂರಿನ ಬಳ್ಳಾರಿ ರಸ್ತೆಗೆ ಬಂದು ಮುಟ್ಟಿದ ಹಾಗಾಯಿತು.

7 ಜೂನ್, ಶನಿವಾರ

ಬೆಳಿಗ್ಗೆಯಿಂದ ಒಂದೇ ಸಮ ಮಳೆ. ಕರೆಂಟ್ ಬಂದು ಹೋಗಿ ಮಾಡುತ್ತಿದೆ. ವಾಲರ್ ಕಾಗದ ಎರಡು ಸಲ ಓದಿದೆ.

ಎಲುಬು ಸರಳ. ಊರಿನ ಜನರನ್ನು ಮೂರು ನಾಲ್ಕು ಗುಂಪು ಮಾಡುವುದು: ಸೋಂಕು ತಗಲದವರು, ಸೋಂಕು ಒಳಗಿದ್ದೂ ಆರೋಗ್ಯವಾಗಿರುವವರು, ಕಾಯಿಲೆ ಬಿದ್ದು ಕೆಮ್ಮುತ್ತಿರುವವರು, ವಾಸಿಯಾದವರು. ಈ ವರ್ಷ ಯಾವ ಗುಂಪಿನಿಂದ ಯಾವ ಗುಂಪಿಗೆ ಎಷ್ಟು ಮಂದಿ ದಾಟುತ್ತಾರೆ ಅಂತ ಗೊತ್ತಾದರೆ ಮುಂದಿನ ವರ್ಷದ ಸಂಖ್ಯೆ ಬರೆಯಬಹುದು. ಅದರಿಂದ ಅದರ ಮುಂದಿನದ್ದು. ಹೀಗೆ ವರ್ಷದಿಂದ ವರ್ಷಕ್ಕೆ ಹಾಗೆಯೇ ಬಿಟ್ಟರೆ ಏನಾಗುತ್ತದೆ, ಬಿಸಿಜಿ ಹಾಕಿದರೆ ಏನು, ರೋಗಿಗಳನ್ನು ಹುಡುಕಿ ಮದ್ದು ಕೊಟ್ಟರೆ ಏನು ಅಂತ ಕಾಗದದ ಮೇಲೆ ನೋಡುವುದು.

ಮಲೇರಿಯಾಕ್ಕೆ ಈ ಕೆಲಸವನ್ನು ರೊನಾಲ್ಡ್ ರಾಸ್ 1910ರಷ್ಟು ಹಿಂದೆಯೇ ಮಾಡಿದ್ದ. ಆತನೂ ಬೆಂಗಳೂರಿನ ಋಣ ಇದ್ದವನು. 1883ರಲ್ಲಿ ಅಲ್ಲಿ ಸೈನ್ಯದ ವೈದ್ಯನಾಗಿದ್ದಾಗ ಬಂಗಲೆಯ ಹತ್ತಿರದ ನೀರಿನ ತೊಟ್ಟಿ ಖಾಲಿ ಮಾಡಿದರೆ ಸೊಳ್ಳೆ ಕಡಿಮೆಯಾಗುತ್ತದೆ ಅಂತ ಕಂಡುಕೊಂಡ. ಮಲೇರಿಯಾ ಹೋಗಬೇಕಾದರೆ ಎಲ್ಲ ಸೊಳ್ಳೆಯನ್ನೂ ಕೊಲ್ಲಬೇಕಿಲ್ಲ, ಒಂದು ಮಿತಿಗಿಂತ ಕೆಳಗೆ ಇಳಿಸಿದರೆ ಸಾಕು ಅಂತ ಗಣಿತದಿಂದ ತೋರಿಸಿದ್ದು ಆಮೇಲೆ. ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾರಸಿ ಕ್ಯೂರಿಂಗಿಗೆ ನಿಲ್ಲಿಸಿದ ನೀರು ನೋಡಲು ನಗರಪಾಲಿಕೆಯವರು ಬಂದು ಹೋಗದ ಕಟ್ಟಡ ಈ ಕೊಟ್ಟಾರದಲ್ಲಿ ಯಾವುದುಂಟು?

ಕ್ಷಯದ ಲೆಕ್ಕ ಕಷ್ಟವಾಗುವುದು ಅದು ನಿಧಾನದ ರೋಗವಾದದ್ದರಿಂದ. ಸೋಂಕು ತಗಲಿದ ಹತ್ತು ಮಂದಿಯಲ್ಲಿ ಒಬ್ಬರಿಗೆ ಕಾಯಿಲೆ ಬಂದರೆ ಹೆಚ್ಚು, ಅದೂ ಆರು ತಿಂಗಳಿಗೆ ಬರಬಹುದು, ಮೂವತ್ತು ವರ್ಷಕ್ಕೆ ಬರಬಹುದು. ಇವತ್ತು ಮಾಡಿದ ಒಳ್ಳೆಯ ಕೆಲಸ ನಾಡಿದ್ದಿನ ಅಂಕಿಯಲ್ಲಿ ಕಾಣುವುದಿಲ್ಲ. ಐದು ವರ್ಷಕ್ಕೊಮ್ಮೆ ಓಟು ಕೇಳುವವರಿಗೆ ಇಂಥ ರೋಗದ ಮೇಲೆ ಹೇಗೆ ಪ್ರೀತಿ ಹುಟ್ಟಬೇಕು?

10 ಜೂನ್, ಮಂಗಳವಾರ

ಮಾದರಿಗೆ ಅಂಕಿ ಬೇಕಲ್ಲ, ಅದು ಎಲ್ಲಿಂದ ಬಂತು ಅಂತ ನೋಡುತ್ತಾ ತುಮಕೂರಿಗೆ ಬಂದೆ.

ಬೆಂಗಳೂರಿನ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಮರುವರ್ಷವೇ ತುಮಕೂರು ಜಿಲ್ಲೆಯಲ್ಲಿ ಹಳ್ಳಿ ಹಳ್ಳಿಗೆ ಎಕ್ಸ್‌ರೇ ವ್ಯಾನು, ಕಫದ ಡಬ್ಬಿ ಹೊತ್ತುಕೊಂಡು ಸಮೀಕ್ಷೆಗೆ ಹೊರಟರು. ಅದರಲ್ಲಿ ಸಿಕ್ಕಿದ ರೋಗಿಗಳ ಮನೆಗಳಲ್ಲಿ ಡಿ. ಬ್ಯಾನರ್ಜಿ ಎಂಬವರು ಆಂಡರ್ಸನ್ ಜೊತೆಗೂಡಿ ಇನ್ನೊಂದು ತನಿಖೆ ಮಾಡಿಸಿದರು: ನಿಮಗೆ ಕಾಯಿಲೆ ಉಂಟು ಅಂತ ನಿಮಗೆ ಗೊತ್ತಿತ್ತೇ, ಗೊತ್ತಿದ್ದರೆ ಏನು ಮಾಡಿದಿರಿ? 1963ರಲ್ಲಿ ಅದು ಪ್ರಕಟವಾಯಿತು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಆಸ್ಪತ್ರೆಗೆ ಬರುವುದಿಲ್ಲ, ನಾವೇ ಹೋಗಿ ಹಿಡಿದು ತರಬೇಕು ಎನ್ನುವ ನಂಬಿಕೆಯ ಕಾಲ ಅದು. ಕಂಡದ್ದು ಬೇರೆ. ಹೆಚ್ಚುಕಡಿಮೆ ಎಲ್ಲರಿಗೂ ತಮ್ಮ ಕೆಮ್ಮು, ಜ್ವರದ ಪರಿವೆ ಇತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಬಾಗಿಲು ಹತ್ತಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟ್ಲಿ ಕೆಮ್ಮಿನ ಔಷಧ.

ಓದಿ ಸುಮ್ಮನೆ ಕೂತೆ. ದೇಶದ ಕ್ಷಯ ಕಾರ್ಯಕ್ರಮ 1962ರಲ್ಲಿ ಜಿಲ್ಲಾ ಮಟ್ಟದ ಸಾಮಾನ್ಯ ಆಸ್ಪತ್ರೆಗಳನ್ನೇ ನಂಬಿ ಕಟ್ಟಿದ್ದಕ್ಕೆ ಈ ತನಿಖೆಯೂ ಒಂದು ಬುನಾದಿ. ಎಕ್ಸ್‌ರೇ ವ್ಯಾನು ಊರೂರು ತಿರುಗಿಸುವ ಬದಲು ಬಾಗಿಲಿಗೆ ಬಂದ ಕೆಮ್ಮಿನವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಎನ್ನುವ ಬುದ್ಧಿ. ಆಗ ಆ ಸಂಸ್ಥೆಯಲ್ಲಿ ದುಡಿದ ಹಾಫ್‌ಡಾನ್ ಮಾಲರ್ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು. 1978ರಲ್ಲಿ ಆಲ್ಮಾ ಆಟಾದಲ್ಲಿ ಪ್ರಾಥಮಿಕ ಆರೋಗ್ಯದ ಘೋಷಣೆ ಹೊರಟದ್ದು ಅವರ ಕಾಲದಲ್ಲೇ. ಅದರ ಬೇರಿನಲ್ಲಿ ತುಮಕೂರಿನ ಮಣ್ಣೂ ಸ್ವಲ್ಪ ಇರಬೇಕು ಅಂತ ನನ್ನ ಅನುಮಾನ.

13 ಜೂನ್, ಶುಕ್ರವಾರ

ಹಿಂದಿನ ಓಣಿಯಲ್ಲಿ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಕೆಲಸದವರಲ್ಲಿ ಒಬ್ಬ ಹುಡುಗ. ಕುಷ್ಟಗಿ ಕಡೆಯವ. ಮಳೆ ಬಂದಾಗ ನಮ್ಮ ಕಾರ್ ಶೆಡ್ಡಿನ ಕೆಳಗೆ ನಿಲ್ಲುತ್ತಾನೆ. ಆ ಕೆಮ್ಮು ನಾನು ಏಪ್ರಿಲಿನಿಂದಲೇ ಕೇಳುತ್ತಿದ್ದೇನೆ ಅಂತ ಇವತ್ತು ನೆನಪಾಯಿತು. ವಿಚಾರಿಸಿದೆ. "ಸಿರಪ್ ತಗೊಂಡೀನ್ರಿ ಸರ. ಎರಡ್ ಬಾಟ್ಲಿ ಆತು. ಡಾಕ್ಟ್ರು ಗುಳಿಗಿನೂ ಕೊಟ್ಟಾರ." ಮೊದಲು ಮೆಡಿಕಲ್ ಶಾಪು, ಆಮೇಲೆ ಒಂದು ಕ್ಲಿನಿಕ್ಕು. ಕಫ ಪರೀಕ್ಷೆ ಮಾಡಿಸಿ ಅಂತ ಎರಡೂ ಕಡೆ ಯಾರೂ ಹೇಳಿಲ್ಲ. ಅರುವತ್ತು ವರ್ಷ ಕಳೆದರೂ ಬಾಟ್ಲಿ ಬಾಟ್ಲಿಯೇ.

ಮೇಸ್ತ್ರಿಗೆ ಹೇಳಿ ಸರಕಾರಿ ಆರೋಗ್ಯ ಕೇಂದ್ರಕ್ಕೆ ಕಳಿಸಿದೆ. ಕೂಲಿ ಹೋಗುತ್ತದೆ ಅಂತ ಮೇಸ್ತ್ರಿಯ ಮುಖ ಸಣ್ಣದಾಯಿತು. ಅರ್ಧ ದಿನದ ಕೂಲಿ ನಾನು ಕೊಡುತ್ತೇನೆ ಅಂದ ಮೇಲೆ ಬಿಟ್ಟ.

15 ಜೂನ್, ಭಾನುವಾರ

ಕೊಟ್ಟಾರ ಚೌಕಿಯಲ್ಲಿ ನೀರು ನಿಂತಿದೆ, ಎಲ್ಲಿಗೂ ಹೋಗುವ ಹಾಗಿಲ್ಲ. ಪಿಯೋ ಎಂಬವರ ಮಾದರಿ ಓದಿದೆ. 1967ರದ್ದು, ವಿಶ್ವ ಆರೋಗ್ಯ ಸಂಸ್ಥೆಯದ್ದು. ಇಷ್ಟು ದಿನ ಓದಿದ್ದರಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ಇದರ ಜೀವ ಇರುವುದು ಗುಣಾಕಾರದಲ್ಲಿ, ಸಮೀಕರಣ ಕಂಡರೆ ಜ್ವರ ಬರುವವಳಿಗೆ ಇದನ್ನೇ ಮೊದಲು ಹೇಳಬೇಕು.

ಊರಿನಲ್ಲಿ ನೂರು ರೋಗಿಗಳು ಇದ್ದಾರೆ ಅಂತಿಟ್ಟುಕೊಳ್ಳೋಣ. ಅವರಲ್ಲಿ ಎಷ್ಟು ಮಂದಿ ವೈದ್ಯರ ಹತ್ತಿರ ಬರುತ್ತಾರೆ? ಬಂದವರಲ್ಲಿ ಎಷ್ಟು ಮಂದಿಯ ಕಫ ತೆಗೆದುಕೊಳ್ಳುತ್ತಾರೆ? ಪರೀಕ್ಷೆ ಅದರಲ್ಲಿ ಎಷ್ಟನ್ನು ಹಿಡಿಯುತ್ತದೆ? ಹಿಡಿದದ್ದರಲ್ಲಿ ಎಷ್ಟು ಮಂದಿ ಮದ್ದು ಶುರು ಮಾಡುತ್ತಾರೆ? ಎಷ್ಟು ಮಂದಿ ಮುಗಿಸುತ್ತಾರೆ? ಐದು ಹಂತ. ಪ್ರತಿಯೊಂದರಲ್ಲೂ ನೂರಕ್ಕೆ ಎಂಬತ್ತು ಅಂಕ ಬಂತು ಅನ್ನೋಣ. ನಮ್ಮ ಕಾಲೇಜಿನಲ್ಲಾಗಿದ್ದರೆ ಡಿಸ್ಟಿಂಕ್ಷನ್. ಆದರೆ ಐದು ಸಲ ಗುಣಿಸಿದರೆ ಕೊನೆಗೆ ವಾಸಿಯಾಗುವವರು 33 ಮಂದಿ. ಕೊನೆಯ ಹಂತವನ್ನು ಹೇಗಾದರೂ ಮಾಡಿ ನೂರಕ್ಕೆ ನೂರು ಮಾಡಿದಿರಿ, ಹೊಸ ಮದ್ದು ತಂದಿರಿ, ಎದುರಿಗೆ ಕೂರಿಸಿ ನುಂಗಿಸಿದಿರಿ. ಆಗಲೂ 41. ಎಲ್ಲ ಹಂತವನ್ನೂ ಸ್ವಲ್ಪ ಸ್ವಲ್ಪ ಮೇಲೆತ್ತಿ ತೊಂಬತ್ತು ಮಾಡಿದರೆ 59. ಉದ್ಘಾಟನೆ ಮಾಡಲು ಯಾವ ಯಂತ್ರವೂ ಇಲ್ಲದ, ಫೋಟೋಕ್ಕೆ ಸಿಗದ ಕೆಲಸ ಗೆಲ್ಲುತ್ತದೆ.

ಇದು ಹಳೆಯ ಕಾಲದ ಕತೆಯಲ್ಲ. ರಾಮನಾಥ್ ಸುಬ್ಬರಾಮನ್ ಮತ್ತು ಸಂಗಡಿಗರು 2016ರಲ್ಲಿ ಇದೇ ದಾರಿಯಲ್ಲಿ ಭಾರತದ ಸರಕಾರಿ ವ್ಯವಸ್ಥೆಯ 2013ರ ಲೆಕ್ಕ ತೆಗೆದರು. ನೂರು ರೋಗಿಗಳಲ್ಲಿ ಚಿಕಿತ್ಸೆ ಮುಗಿಸಿ, ಒಂದು ವರ್ಷ ರೋಗ ಮರುಕಳಿಸದೆ ಬದುಕಿದವರು 39. ಮದ್ದು ಪುಕ್ಕಟೆ ಸಿಗುವ, ಮದ್ದಿನಿಂದ ವಾಸಿಯಾಗುವ ರೋಗದಲ್ಲಿ.

ಸಂಜೆ ಮೇಸ್ತ್ರಿಯ ಫೋನು. ಹುಡುಗನಿಗೆ ಟಿಬಿಯೇ. ಟ್ರೂನ್ಯಾಟ್ ಯಂತ್ರದಲ್ಲಿ ಬಂತಂತೆ. ತೂಕ 43 ಕಿಲೋ. ಶೆಡ್ಡಿನಲ್ಲಿ ಒಟ್ಟಿಗೆ ಮಲಗುವ ಏಳೆಂಟು ಮಂದಿ ಹೆದರಿದ್ದಾರೆ. ಹೆದರುವ ಬದಲು ಪರೀಕ್ಷೆ ಮಾಡಿಸಿಕೊಳ್ಳಿ ಅಂದೆ.

21 ಜೂನ್, ಶನಿವಾರ

ಒಂದು ಕೋಷ್ಟಕ ಮೂರು ದಿನದಿಂದ ಬಿಡುತ್ತಿಲ್ಲ.

ಬೆಂಗಳೂರು ಜಿಲ್ಲೆಯ ಮೂರು ತಾಲೂಕು, 119 ಹಳ್ಳಿ. 1961ರಿಂದ 68ರವರೆಗೆ ಕ್ಷಯರೋಗ ಸಂಸ್ಥೆಯವರು ಮತ್ತೆ ಮತ್ತೆ ಹೋಗಿ ಅದೇ ಜನರನ್ನು ಪರೀಕ್ಷಿಸಿದರು. ಸಂಘಟಿತ ಕ್ಷಯ ಕಾರ್ಯಕ್ರಮ ಇಲ್ಲದ ಕಡೆ ರೋಗದ ನಡೆ ಹೇಗಿರುತ್ತದೆ ಅಂತ ನೋಡುವುದು ಉದ್ದೇಶ. ಫಲಿತಾಂಶ 1974ರಲ್ಲಿ ಅಚ್ಚಾಯಿತು. ಮೊದಲ ಸುತ್ತಿನಲ್ಲಿ ಕಫದಲ್ಲಿ ಕ್ರಿಮಿ ಕಂಡವರನ್ನು ಐದು ವರ್ಷದ ಮೇಲೆ ನೋಡಿದರೆ ನೂರಕ್ಕೆ 49.2 ಮಂದಿ ತೀರಿಹೋಗಿದ್ದರು. 32.4 ಮಂದಿಗೆ ತಾನಾಗಿ ವಾಸಿಯಾಗಿತ್ತು. 18.4 ಮಂದಿ ಇನ್ನೂ ಕ್ರಿಮಿ ಕೆಮ್ಮುತ್ತಾ ಊರಲ್ಲೇ ಇದ್ದರು.

ಮದ್ದು ಕೊಡದಿದ್ದರೆ ಕ್ಷಯ ಏನು ಮಾಡುತ್ತದೆ? ಈ ಪ್ರಶ್ನೆಗೆ ಉತ್ತರ ಇಲ್ಲದೆ ಯಾವ ಮಾದರಿಯೂ ನಿಲ್ಲುವುದಿಲ್ಲ. ಇನ್ನು ಮುಂದೆ ಅಂಥ ಅಧ್ಯಯನ ಯಾರೂ ಮಾಡುವ ಹಾಗೂ ಇಲ್ಲ, ಮಾಡಬಾರದು ಕೂಡ. ಹಾಗಾಗಿ ಯುರೋಪಿನ ಹಳೆಯ ಸ್ಯಾನಿಟೋರಿಯಂ ಕಡತಗಳ ಜೊತೆ ಬೆಂಗಳೂರಿನ ಈ ಮೂರು ಅಂಕಿಗಳನ್ನು ಜಗತ್ತಿನ ಮಾದರಿಕಾರರು ಇವತ್ತಿಗೂ ಕೈಗೆತ್ತಿಕೊಳ್ಳುತ್ತಾರೆ. ಹೊಲದಲ್ಲಿ ದುಡಿದು, ಮದ್ದು ಮುಟ್ಟದೆ ಸತ್ತವರು ಈಗ ಒಂದು ದಶಮಾಂಶ ಬಿಂದುವಿನ ಎರಡೂ ಬದಿಗೆ ಇದ್ದಾರೆ. ಆ ಕಾಲಕ್ಕೆ ಐಸೋನಿಯಾಜಿಡ್ ಎಂಬ ಮದ್ದು ಇತ್ತು. ಮದ್ರಾಸಿನ ಪ್ರಯೋಗ ಮನೆಯಲ್ಲೇ ಚಿಕಿತ್ಸೆ ಕೊಡಬಹುದು ಅಂತ 1959ರಲ್ಲೇ ತೋರಿಸಿತ್ತು. ದೇಶ ಬಡವಾಗಿತ್ತು, ಕಾರ್ಯಕ್ರಮ ಇನ್ನೂ ಅಂಬೆಗಾಲು ಇಡುತ್ತಿತ್ತು, ಎಲ್ಲ ಹಳ್ಳಿಗೂ ಒಟ್ಟಿಗೆ ಮುಟ್ಟುತ್ತಿರಲಿಲ್ಲ. ಇದೆಲ್ಲ ಒಪ್ಪಬಹುದು. ಆದರೂ ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ.

ಸೆಮಿನಾರಿನಲ್ಲಿ ಈ ಅಂಕಿ ತೋರಿಸುವಾಗ ಅರ್ಧ ನಿಮಿಷ ನಿಲ್ಲು ಅಂತ ಅವಳಿಗೆ ಹೇಳಬೇಕು.

26 ಜೂನ್, ಗುರುವಾರ

ಕ್ಯಾಲ್ಕ್ಯುಲೇಟರ್ ಹಿಡಿದು ಕೂತದ್ದು. ಜಗತ್ತು 2030ಕ್ಕೆ ಇಟ್ಟ ಗುರಿಯನ್ನು ಭಾರತ 2025ಕ್ಕೇ ಮುಟ್ಟುತ್ತದೆ ಅಂತ 2018ರ ಮಾರ್ಚಿನಲ್ಲಿ ದೆಹಲಿಯಲ್ಲಿ ಘೋಷಿಸಿದ್ದು ನೆನಪಿದೆ. ಅಂದರೆ 2015ಕ್ಕೆ ಹೋಲಿಸಿ ಹೊಸ ರೋಗಿಗಳ ಪ್ರಮಾಣ ಶೇ 80 ಇಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು: 2015ರಲ್ಲಿ ಲಕ್ಷಕ್ಕೆ 237, 2023ರಲ್ಲಿ 195. ಇಳಿದದ್ದು ಶೇ 17.7. ಇಡೀ ಜಗತ್ತಿನ ಸರಾಸರಿ ಇಳಿಕೆ ಶೇ 8.3, ಅದಕ್ಕೆ ಹೋಲಿಸಿದರೆ ನಾವು ಚೆನ್ನಾಗಿಯೇ ಮಾಡಿದ್ದೇವೆ. ಅದನ್ನು ಹೇಳದೆ ಬರೇ ಬೈಯುವುದು ನ್ಯಾಯವಲ್ಲ.

ಆದರೆ ಹತ್ತು ವರ್ಷದಲ್ಲಿ ಶೇ 80 ಇಳಿಸಬೇಕಾದರೆ ವರ್ಷ ವರ್ಷ ಸುಮಾರು ಶೇ 15 ಇಳಿಯಬೇಕಿತ್ತು. ನಾವು ಇಳಿದದ್ದು ವರ್ಷಕ್ಕೆ ಶೇ 2.4ರ ಹಾಗೆ. ಇದೇ ನಡಿಗೆಯಲ್ಲಿ ಹೋದರೆ ಆ ಗುರಿ ಮುಟ್ಟುವುದು 2080ರ ಆಚೆ. ನಾನಂತೂ ಇರುವುದಿಲ್ಲ, ತಂಗಿಯ ಮಗಳು ಮುದುಕಿಯಾಗಿರುತ್ತಾಳೆ.

ಈ ಅಂಕಿಗಳೂ ಎಣಿಸಿ ಬಂದವಲ್ಲ. ವರ್ಷಕ್ಕೆ ಎಷ್ಟು ಮಂದಿಗೆ ಹೊಸತಾಗಿ ಕ್ಷಯ ಬಂತು ಅಂತ ಯಾರೂ ನೇರವಾಗಿ ಎಣಿಸಲಾರರು. ವರದಿಯಾದ ಸಂಖ್ಯೆ, 2019-21ರ ರಾಷ್ಟ್ರೀಯ ಸಮೀಕ್ಷೆ, ಮದ್ದಿನ ಮಾರಾಟ, ಇವನ್ನೆಲ್ಲ ಮಾದರಿಗೆ ಹಾಕಿ ತೆಗೆಯುವುದು. ಈಚೆಗೆ ಭಾರತ ತನ್ನದೇ ಮಾದರಿ ಮಾಡಿಕೊಂಡಿತು. ಅದಾದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಭಾರತದ ವಾರ್ಷಿಕ ಕ್ಷಯ ಸಾವಿನ ಅಂದಾಜು 4.94 ಲಕ್ಷದಿಂದ 3.31 ಲಕ್ಷಕ್ಕೆ ಇಳಿಯಿತು. ಅಂದಾಜಿನ ದಾರಿ ಬದಲಾದದ್ದರಿಂದ ಇಳಿದದ್ದಕ್ಕೂ ನಿಜವಾಗಿ ಸಾವು ಕಡಿಮೆಯಾದದ್ದಕ್ಕೂ ವ್ಯತ್ಯಾಸ ಉಂಟು, ಪೇಪರಿನ ತಲೆಬರಹದಲ್ಲಿ ಆ ವ್ಯತ್ಯಾಸ ಉಳಿಯುವುದಿಲ್ಲ. ಹೊಸ ಅಂದಾಜು ಹಳೆಯದಕ್ಕಿಂತ ಉತ್ತಮವೇ ಇರಬಹುದು. ನನ್ನ ತಕರಾರು ಒಂದೇ: ಗುರಿ ಇಟ್ಟವರೇ ಅಳತೆಗೋಲನ್ನೂ ಹಿಡಿದುಕೊಂಡಾಗ ಲೆಕ್ಕದ ಪುಸ್ತಕ ಹೊರಗಿನವರಿಗೂ ತೆರೆದಿರಬೇಕು.

ಆ ರಾಷ್ಟ್ರೀಯ ಸಮೀಕ್ಷೆಯ ಒಂದು ಅಂಕಿ ನನಗೆ ಹೆಚ್ಚು ಮುಖ್ಯ. ಕ್ಷಯದ ಲಕ್ಷಣ ಇದ್ದವರಲ್ಲಿ ಶೇ 64 ಮಂದಿ ಎಲ್ಲಿಯೂ ತೋರಿಸಿಕೊಂಡಿರಲಿಲ್ಲ. ತುಮಕೂರಿನಲ್ಲಿ ಬಾಗಿಲಿಗೆ ಬಂದವರನ್ನು ನಾವು ಬಾಟ್ಲಿ ಕೊಟ್ಟು ಕಳಿಸಿದೆವು, ಈಗ ಬಾಗಿಲಿಗೇ ಬರುವುದು ಕಡಿಮೆ.

2 ಜುಲೈ, ಬುಧವಾರ

ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ನಿನ್ನೆಗೆ ಅಧಿಕೃತವಾಗಿ ಮುಗಿಯಿತು. ಅದೇ ಹೊತ್ತಿಗೆ ಲ್ಯಾನ್ಸೆಟ್‌ನಲ್ಲಿ ಒಂದು ಮಾದರಿ ಬಂದಿದೆ: ನೆರವಿನ ಈ ಕಡಿತದಿಂದ 2030ರ ಒಳಗೆ ಹೆಚ್ಚುವರಿಯಾಗಿ 1.4 ಕೋಟಿ ಸಾವು ಆಗಬಹುದಂತೆ, ಎಲ್ಲ ರೋಗ ಸೇರಿ. ಟಿವಿಯಲ್ಲಿ 1.4 ಕೋಟಿ ಅಂತ ಕೆಂಪು ಅಕ್ಷರ. ಅದರ ಪಕ್ಕದಲ್ಲೇ ಇರುವ 85 ಲಕ್ಷದಿಂದ 1.97 ಕೋಟಿ ಎಂಬ ಅಂತರವನ್ನು ಯಾರೂ ಓದಲಿಲ್ಲ. ನನ್ನ ವಿದ್ಯಾರ್ಥಿಗಳಾಗಿದ್ದರೆ ಅಂಕ ಕಳೆಯುತ್ತಿದ್ದೆ.

ಕೋವಿಡ್ ಲಾಕ್‌ಡೌನಿನ ಶುರುವಿನಲ್ಲೂ ಹೀಗೇ ಒಂದು ಎಚ್ಚರಿಕೆ ಬಂದಿತ್ತು. ಮೂರು ತಿಂಗಳು ಮುಚ್ಚಿ, ಹತ್ತು ತಿಂಗಳಲ್ಲಿ ನಿಧಾನಕ್ಕೆ ತೆರೆದರೆ 2025ರ ಒಳಗೆ ಜಗತ್ತಿನಲ್ಲಿ 14 ಲಕ್ಷ ಹೆಚ್ಚುವರಿ ಕ್ಷಯ ಸಾವು ಅಂತ. 2020ರಲ್ಲಿ ಭಾರತದಲ್ಲಿ ವರದಿಯಾದ ರೋಗಿಗಳು 24 ಲಕ್ಷದಿಂದ 18 ಲಕ್ಷಕ್ಕೆ ಬಿದ್ದದ್ದು ಸತ್ಯ. ರೋಗ ಕಡಿಮೆಯಾದದ್ದಲ್ಲ, ಹುಡುಕುವುದು ನಿಂತದ್ದು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಹಿಂದಿರುಗಿ ನೋಡಿ, 2020ರಿಂದ 22ರವರೆಗೆ ಹೆಚ್ಚುವರಿ ಸಾವು ಸುಮಾರು ಐದು ಲಕ್ಷ ಅಂತು. ಹಾಗಾದರೆ ಮೊದಲಿನದ್ದು ಸುಳ್ಳೇ? ಅದು ಜಾತಕವಲ್ಲ, "ಹೀಗೇ ಬಿಟ್ಟರೆ" ಎನ್ನುವ ಷರತ್ತಿನ ಮಾತು. ಎಚ್ಚರಿಕೆ ಕೇಳಿ ಕೆಲವು ದೇಶಗಳು ಬೇಗ ಎದ್ದವು. ಐದು ಲಕ್ಷ ಎಂಬ ಅಂಕಿಯಾದರೂ ಸ್ಮಶಾನದ ಪುಸ್ತಕದಿಂದ ಬಂದದ್ದಲ್ಲ, ಅದೂ ಮಾದರಿಯದ್ದೇ.

ಆದರೂ ಮಾದರಿಕಾರರಿಗೆ ಒಂದು ಚಟ ಉಂಟು. ಸುದ್ದಿಯಾಗುವ ದೊಡ್ಡ ಸಂಖ್ಯೆಯ ಕಡೆಗೆ ವಾಲುವುದು. ಪಿಯೋನ ಐದು ಗುಣಾಕಾರದಿಂದ ಒಬ್ಬ ಜಿಲ್ಲಾಧಿಕಾರಿಗೆ ನಾಳೆ ಬೆಳಿಗ್ಗೆ ಏನು ಮಾಡಬೇಕು ಅಂತ ತಿಳಿಯುತ್ತದೆ. 1.4 ಕೋಟಿಯಿಂದ ಏನು ತಿಳಿಯುತ್ತದೆ?

6 ಜುಲೈ, ಭಾನುವಾರ

ತಂಗಿಯ ಮಗಳು ಬೆಳಿಗ್ಗೆಯೇ ಬಂದಳು. ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಅನ್ನ, ಬಂಗುಡೆ ಗಸಿ. ಊಟದ ನಡುವೆಯೇ ಕೇಳಿದಳು: "ಮಾವ, ಇಷ್ಟು ವರ್ಷದ ಮಾದರಿಗಳಲ್ಲಿ ಊಟ ಎಲ್ಲಿ ಉಂಟು?"

ಒಳ್ಳೆಯ ಪ್ರಶ್ನೆ. ಹಳೆಯ ಮಾದರಿಗಳಲ್ಲಿ ಇಲ್ಲ. ಕ್ರಿಮಿ ಉಂಟು, ಮದ್ದು ಉಂಟು, ಲಸಿಕೆ ಉಂಟು. ಹೊಟ್ಟೆ ಇಲ್ಲ. ವಿಚಿತ್ರವೆಂದರೆ ಅದೇ ವಾಲರ್ 1984ರಲ್ಲಿ ಇನ್ನೊಂದು ದೊಡ್ಡ ಕೆಲಸ ಪ್ರಕಟಿಸಿದರು. ನಾರ್ವೆಯಲ್ಲಿ ಕ್ಷಯ ಪತ್ತೆಗೆ ಊರೂರಿಗೆ ಹೋಗಿ ಎಕ್ಸ್‌ರೇ ತೆಗೆಯುವಾಗ ಜನರ ಎತ್ತರ, ತೂಕವನ್ನೂ ಬರೆದಿಟ್ಟಿದ್ದರು. ಹದಿನೇಳು ಹದಿನೆಂಟು ಲಕ್ಷ ಜನರದ್ದು. ಯಾವ ತೂಕದವರು ಎಷ್ಟು ಸಾಯುತ್ತಾರೆ ಅಂತ ಅದರಿಂದ ತೆಗೆದರು. ತೆಳ್ಳಗಿನವರಲ್ಲಿ ಕ್ಷಯದ ಸಾವು ಕಡಿದಾಗಿ ಮೇಲೇರಿತ್ತು. ನೊಬೆಲ್ ಪಡೆದ ಆರ್ಥಿಕ ಇತಿಹಾಸಕಾರ ರಾಬರ್ಟ್ ಫೋಗೆಲ್ ಆ ವಕ್ರರೇಖೆಗಳನ್ನು ಎತ್ತಿಕೊಂಡು ಹಸಿವಿನ ಚರಿತ್ರೆಯನ್ನೇ ಬರೆದರು. ಬೆಂಗಳೂರಿನ ಮಾದರಿಯೂ ನಾರ್ವೆಯ ತಕ್ಕಡಿಯೂ ಒಬ್ಬನದ್ದೇ ಕೈ, ಆದರೆ ಎರಡನ್ನೂ ಒಂದೇ ಕಾಗದದ ಮೇಲೆ ಇಡಲು ದಶಕಗಳು ಹಿಡಿದವು.

ಇಟ್ಟವರಲ್ಲಿ ಮುಖ್ಯರು ನಮ್ಮ ಊರಲ್ಲೇ ಇದ್ದಾರೆ ಅಂದೆ. ಅವಳಿಗೆ ಗೊತ್ತಿತ್ತು, ಗೊತ್ತಿರದೆ ಏನು. ದೇರಳಕಟ್ಟೆಯ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ. ಭಾರತದ ಕ್ಷಯದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲನ್ನು ಅಪೌಷ್ಟಿಕತೆಗೆ ಹಚ್ಚಬಹುದು ಅಂತ ಅನುರಾಗ್ ಮತ್ತು ಸಂಗಡಿಗರು 2014ರಲ್ಲೇ ಲೆಕ್ಕ ಹಾಕಿದ್ದರು. ಆಮೇಲೆ ಜಾರ್ಖಂಡಿನ ನಾಲ್ಕು ಜಿಲ್ಲೆಯಲ್ಲಿ ನೇರ ಪ್ರಯೋಗಕ್ಕೇ ಇಳಿದರು, ರೇಷನ್ಸ್ ಅಂತ ಅದಕ್ಕೆ ಹೆಸರು. 2,800 ರೋಗಿಗಳು, ಅವರ ಮನೆಯ 10,345 ಮಂದಿ. ರೋಗಿಗಳಿಗೆ ಎಲ್ಲ ಕಡೆಯೂ ಆಹಾರದ ಕಿಟ್. ಮನೆಯವರಿಗೆ ಅರ್ಧ ಕಡೆ ಮಾತ್ರ: ತಿಂಗಳಿಗೆ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ಜೊತೆಗೆ ವಿಟಮಿನ್ ಮಾತ್ರೆ. 2023ರ ಆಗಸ್ಟಿನಲ್ಲಿ ಫಲಿತಾಂಶ ಬಂತು. ಕಿಟ್ ಸಿಕ್ಕಿದ ಮನೆಗಳಲ್ಲಿ ಹೊಸತಾಗಿ ಕ್ಷಯ ಬೀಳುವುದು ಶೇ 39 ಕಡಿಮೆ. ಹರಡುವ ಜಾತಿಯ ಶ್ವಾಸಕೋಶದ ಕ್ಷಯ ಶೇ 48 ಕಡಿಮೆ. ರೋಗಿಗಳಲ್ಲಿ ಮೊದಲ ಎರಡು ತಿಂಗಳಲ್ಲಿ ತೂಕ ಶೇ 5 ಏರಿದವರಿಗೆ ಸಾವಿನ ಅಪಾಯ ಶೇ 61 ಕಡಿಮೆ.

"ಲಸಿಕೆಯಾಗಿದ್ದರೆ ಇಷ್ಟು ಹೊತ್ತಿಗೆ ಎಷ್ಟು ದೊಡ್ಡ ಸುದ್ದಿ ಮಾಡ್ತಿದ್ರು" ಅಂತ ಅವಳು ಮೀನಿನ ಮುಳ್ಳು ಬದಿಗಿಟ್ಟಳು. ಅಕ್ಕಿಬೇಳೆಗೆ ಪೇಟೆಂಟ್ ಇಲ್ಲವಲ್ಲ.

43 ಕಿಲೋಗೆ ಶೇ 5 ಅಂದರೆ ಎರಡು ಕಿಲೋ ಚಿಲ್ಲರೆ. ಸಂಜೆ ಹೋಗಿ ಹುಡುಗನನ್ನು ಕಂಡೆ. ಮಾತ್ರೆ ತಪ್ಪಿಸಿಲ್ಲ. "ಕೆಮ್ಮು ಕಮ್ಮಿ ಆಗೇತ್ರಿ. ಹಸಿವು ಭಾಳ ಆಗ್ತೈತ್ರಿ ಸರ."

11 ಜುಲೈ, ಶುಕ್ರವಾರ

ಈ ವರ್ಷವೇ ಬಂದ ಮಾದರಿ. ಲಂಡನ್ ಸ್ಕೂಲ್ ಆಫ್ ಹೈಜೀನ್‌ನ ಫಿನ್ ಮೆಕ್ವೇಡ್ ಮೊದಲಾದವರು, ಚೆನ್ನೈಯ ಸಂಶೋಧಕರು, ಇಬ್ಬರು ಭಾರ್ಗವರು ಸೇರಿ ಮಾಡಿದ್ದು. ಜಾರ್ಖಂಡಿನಲ್ಲಿ ಕಂಡದ್ದನ್ನು ಇಡೀ ದೇಶಕ್ಕೆ ಹರಡಿದರೆ ಏನಾದೀತು ಎಂಬುದು ಪ್ರಶ್ನೆ. ಕ್ಷಯ ಬಂದ ಮನೆಗಳಲ್ಲಿ ಅರ್ಧಕ್ಕೆ ಮಾತ್ರ ಆಹಾರ ಮುಟ್ಟಿಸಿದರೂ 2035ರ ಒಳಗೆ ಸುಮಾರು 3.6 ಲಕ್ಷ ಸಾವು, 8.8 ಲಕ್ಷ ಕಾಯಿಲೆ ತಪ್ಪುತ್ತದೆ ಅಂತ ಉತ್ತರ.

ನಾನು ಮೊದಲು ಮಾಡಿದ ಕೆಲಸ ಆ ಸಂಖ್ಯೆಯ ಗಾಳಿ ತೆಗೆದದ್ದು. ವರ್ಷಕ್ಕೆ ಮೂರು ಲಕ್ಷ ಚಿಲ್ಲರೆ ಸಾಯುವ ದೇಶದಲ್ಲಿ ಇದು ಹನ್ನೆರಡು ಹದಿಮೂರು ವರ್ಷಕ್ಕೆ ಹಂಚಿದ ಒಂದು ವರ್ಷದ ಸಾವು. ಊಟ ಒಂದರಿಂದ ಕ್ಷಯ ಹೋಗುವುದಿಲ್ಲ. ಅದನ್ನು ಅವರೂ ಹೇಳುತ್ತಿಲ್ಲ. ಆದರೆ ಅಂಗಡಿಯಲ್ಲಿ ಕೇಳಿಕೊಂಡು ಬಂದೆ: 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ನಾನೂರು ರೂಪಾಯಿಯ ಆಸುಪಾಸು. ಈ ದರದಲ್ಲಿ ಇನ್ಯಾವ ಉಪಾಯ ಇಷ್ಟು ಜೀವ ಉಳಿಸುತ್ತದೆ?

ಮಾದರಿಯ ಬಿರುಕು ಕಂಡದ್ದು ಹಿಂದಿನ ಓಣಿಯಲ್ಲಿ. ಟಿಬಿ ಸೂಪರ್‌ವೈಸರ್ ಬಂದು ಹುಡುಗನ ಮನೆಯವರ ಪಟ್ಟಿ ಮಾಡಿಕೊಂಡರು. ಅಪ್ಪ, ಅವ್ವ, ಇಬ್ಬರು ತಂಗಿಯರು, ಎಲ್ಲರೂ ಕುಷ್ಟಗಿ ಕಡೆಯ ಊರಲ್ಲಿ. ಯುಗಾದಿಯಿಂದ ಅವನು ಅವರ ಮುಖ ನೋಡಿಲ್ಲ. ಅವನ ಕೆಮ್ಮು ಉಸಿರಾಡಿದವರು ಶೆಡ್ಡಿನ ಏಳೆಂಟು ಮಂದಿ: ಒಬ್ಬ ಬಾಗಲಕೋಟೆ, ಇಬ್ಬರು ಗದಗ, ಮತ್ತೊಬ್ಬ ಒಡಿಶಾ. ಪುಣ್ಯಕ್ಕೆ ಸೂಪರ್‌ವೈಸರ್ ಬುದ್ಧಿವಂತರು, ಅವರನ್ನೂ ಎಕ್ಸ್‌ರೇಗೆ ಬರೆದುಕೊಂಡರು. ಆದರೆ ಕಿಟ್ ಕೊಡುವುದಾದರೆ ಯಾರಿಗೆ? ಕುಷ್ಟಗಿಯವರಿಗೋ, ಶೆಡ್ಡಿನವರಿಗೋ? ಜಾರ್ಖಂಡಿನ ಹಳ್ಳಿಯಲ್ಲಿ ಒಲೆಯೂ ಕೋಣೆಯೂ ಕುಟುಂಬವೂ ಒಂದೇ. ಮಂಗಳೂರು ಕಟ್ಟುತ್ತಿರುವವರಿಗೆ ಈ ಮೂರೂ ಬೇರೆ ಬೇರೆ ಕಡೆ. ಅನ್ನಭಾಗ್ಯದ ಹತ್ತು ಕಿಲೋ ಅಕ್ಕಿಯನ್ನು ಊರಲ್ಲಿ ಅವ್ವ ತರುತ್ತಾಳೆ, ಇಲ್ಲಿ ಅವನು ಅಂಗಡಿಯ ಅಕ್ಕಿ ಕೊಂಡು ತಿನ್ನುತ್ತಾನೆ. ಬೇಳೆ ಎರಡೂ ಕಡೆ ಇಲ್ಲ.

ಇದನ್ನು ಬರೆದು ಅವಳಿಗೆ ವಾಟ್ಸಾಪ್ ಮಾಡಿದೆ. "ಇದು ಸೆಮಿನಾರಿನ ಕೊನೆಯ ಸ್ಲೈಡ್" ಅಂತ ಉತ್ತರ ಬಂತು.

17 ಜುಲೈ, ಗುರುವಾರ

ಸೆಮಿನಾರ್ ಚೆನ್ನಾಗಿ ಆಯಿತಂತೆ. ಒಬ್ಬ ಹಿರಿಯ ಪ್ರಾಧ್ಯಾಪಕರು, ಶೆಡ್ಡಿನ ವಿಷಯ ಮಾದರಿಗೆ ಹೇಗೆ ಸೇರಿಸುತ್ತೀ ಅಂತ ಕೇಳಿದರಂತೆ. "ಸೇರಿಸಲಿಕ್ಕೆ ಮೊದಲು ಯಾರಾದರೂ ಎಣಿಸಬೇಕು ಸರ್" ಅಂದಳಂತೆ. ತುಮಕೂರಿಗೆ ಹೋದವರ ಸಾಲಿನಲ್ಲಿ ನಿಲ್ಲುವ ಉತ್ತರ.

ಹುಡುಗ ಊರಿಗೆ ಹೊರಟ, ಹೊಲದ ಕೆಲಸ. ಅವನ ಹೆಸರನ್ನು ಕಂಪ್ಯೂಟರಿನಲ್ಲಿ ಕೊಪ್ಪಳ ಜಿಲ್ಲೆಗೆ ವರ್ಗ ಮಾಡಿಕೊಟ್ಟಿದ್ದಾರೆ. ತೂಕ ಒಂದು ಕಿಲೋ ಏರಿದೆ, ಇನ್ನೊಂದು ಏರಬೇಕು.

ಈಗಿನ ವ್ಯವಸ್ಥೆ ಹೀಗಿದೆ. ರೋಗಿಯ ಖಾತೆಗೆ ತಿಂಗಳಿಗೆ 500 ಇದ್ದದ್ದು ಕಳೆದ ನವೆಂಬರಿನಿಂದ 1,000 ರೂಪಾಯಿ ಆಗಿದೆ. ಒಳ್ಳೆಯದೇ. ಮನೆಯವರ ಕಿಟ್ ಮಾತ್ರ ನಿಕ್ಷಯ ಮಿತ್ರರೆಂಬ ದಾನಿಗಳ ಪಾಲಿಗೆ ಬಿಟ್ಟಿದ್ದಾರೆ. ದಾನಿ ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ರೋಟರಿಯವರೂ ಕಂಪನಿಗಳೂ ಇರುವ ಮಂಗಳೂರಿನಲ್ಲಿ ದಾನಿ ಸಿಗುತ್ತಾರೆ, ಕುಷ್ಟಗಿಯ ಹಳ್ಳಿಯಲ್ಲಿ ಯಾರು? ಪ್ರಯೋಗವೂ ಮಾದರಿಯೂ ಒಟ್ಟಿಗೆ ಬೆರಳು ತೋರಿಸುವುದು ಮನೆಯವರ ತಟ್ಟೆಯ ಕಡೆಗೆ. ರಿಫಾಂಪಿಸಿನ್ ಮಾತ್ರೆಯನ್ನು ನಾವು ದಾನಿಗಳಿಗೆ ಬಿಟ್ಟಿಲ್ಲ. ಬೇಳೆಯನ್ನು ಬಿಟ್ಟದ್ದು ತಪ್ಪು. ಕ್ಷಯ ಬಂದ ಕುಟುಂಬದ ರೇಷನ್ ಕಾರ್ಡಿಗೆ ಆರು ತಿಂಗಳು ತಲಾ ಒಂದೂವರೆ ಕಿಲೋ ತೊಗರಿಬೇಳೆ ಸೇರಿಸಬೇಕು, ಕಾರ್ಡು ಊರಲ್ಲಿದ್ದರೂ ದುಡಿಯುವವನ ಪಾಲು ದುಡಿಯುವಲ್ಲೇ ಸಿಗಬೇಕು. ಆಹಾರ ಇಲಾಖೆಗೆ ಇದನ್ನೇ ಒಂದು ಪುಟದ ಅರ್ಜಿ ಮಾಡಿ, ಹಿಂದೆ ಕೋಷ್ಟಕ ಲಗತ್ತಿಸಿ, ಇವತ್ತು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ.